ಗುಂಡಿಗೆ ಬೀಳದವಳು

ನಮ್ಮ ಮನೆಯಲ್ಲಿ ಎಲ್ಲರೂ ಎಲ್ಲಿಂದಲಾದರೂ ಬಿದ್ದವರೇ. ಅಜ್ಜ ಗುಂಡಿಗೆ ಬಿದ್ದ. ಅಪ್ಪ ಏಣಿಯಿಂದ ಬಿದ್ದ. ಸೋದರತ್ತೆ ಬಸ್ಸಿನಿಂದ ಇಳಿಯುವಾಗ ಬಿದ್ದಳು, ಅಣ್ಣ ಸೈಕಲ್ ಸಮೇತ ಚರಂಡಿಗೆ. ಬಿದ್ದಲ್ಲೇ ನಾಲ್ವರಿಗೂ ದೇವರು ಸಿಕ್ಕಿದ್ದ. ಇಪ್ಪತ್ತೆರಡು ವರ್ಷ ಒಂದು ಮೊಣಕಾಲನ್ನೂ ತರಚಿಕೊಳ್ಳದೆ ನೆಟ್ಟಗೆ ನಡೆದುಕೊಂಡು ಬಂದವಳು ನಾನೊಬ್ಬಳೇ.

ಇದು ತೊಂದರೆಯ ವಿಷಯ. ನಮ್ಮ ಚರ್ಚಿನ ಸಭೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಳ್ಳುವವರು ನೀರಿಗೆ ಇಳಿಯುವ ಮುಂಚೆ ಎಲ್ಲರೆದುರು ನಿಂತು ಸಾಕ್ಷಿ ಹೇಳಬೇಕು. ನಾನು ಹೀಗಿದ್ದೆ, ಕರ್ತನು ನನ್ನನ್ನು ಹೀಗೆ ಮುಟ್ಟಿದನು ಎಂದು. ಅಜ್ಜನ ಸಾಕ್ಷಿ ಇಡೀ ಸಭೆಗೆ ಬಾಯಿಪಾಠ. ಹಾಡುಹಗಲೇ ಕುಡಿದು, ಪೈಪು ಹಾಕಲು ತೋಡಿದ್ದ ಗುಂಡಿಗೆ ಬಿದ್ದು, ಮೇಲೆ ಕಾಣುತ್ತಿದ್ದ ತುಂಡು ಆಕಾಶಕ್ಕೆ ಬೈಯುತ್ತಾ ಬೈಯುತ್ತಾ, ಆ ಬೈಗುಳ ಅವನಿಗೇ ತಿಳಿಯದಂತೆ ಪ್ರಾರ್ಥನೆಯಾಗಿಬಿಟ್ಟ ಕಥೆ. ಅದಾದ ಮೇಲೆ ಅಜ್ಜ ಕುಡಿಯಲಿಲ್ಲ. ಕೀಲಿಕೈ ಅಂಗಡಿ ಹಾಕಿದ. ಅಪ್ಪ ಸಾಕ್ಷಿ ಹೇಳುವಾಗ ಗುಂಡಿಯ ಜಾಗದಲ್ಲಿ ಏಣಿ ಬಂತು, ಆಕಾಶ ಮಾತ್ರ ಅದೇ. ಅತ್ತೆಯ ಬಸ್ಸಿನ ಪಕ್ಕದಲ್ಲೂ ಅದೇ ತುಂಡು ಆಕಾಶ. ಅಣ್ಣ ಹೇಳುವ ಹೊತ್ತಿಗೆ ಹಿಂದಿನ ಬೆಂಚಿನ ಹೆಂಗಸರು ಅವನಿಗಿಂತ ಒಂದು ವಾಕ್ಯ ಮುಂದಿದ್ದರು.

ನಾನೂ ಒಂದು ಬೀಳುವಿಕೆ ತಯಾರು ಮಾಡಿಕೊಂಡೆ. ಅಂಗಡಿಯ ಹಿಂದಿನ ಮೆಟ್ಟಿಲು. ದೀಕ್ಷಾಸ್ನಾನದ ತಯಾರಿಯ ತರಗತಿಯಲ್ಲಿ ಅದನ್ನು ಪಾಸ್ಟರಿಗೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು.

"ಪೆಟ್ಟು ಯಾವ ಮೊಣಕಾಲಿಗೆ ಬಿತ್ತಮ್ಮ?"

"ಎಡಗಾಲಿಗೆ, ಪಾಸ್ಟರ್."

"ಹಾಗಿದ್ರೆ ಬಲಗಾಲು ಯಾಕೆ ಹಿಡ್ಕೊಂಡಿದ್ದೀಯ?"

ನಾನು ಎರಡೂ ಕಾಲು ಬಿಟ್ಟೆ. ಪಾಸ್ಟರ್ ನಗಲೂ ಇಲ್ಲ, ಗದರಲೂ ಇಲ್ಲ. "ಇದು ಯಾರದಮ್ಮ?" ಎಂದರು. "ಭಾನುವಾರದ ಹೊತ್ತಿಗೆ ನಿಂದು ಏನಾದ್ರೂ ಇದ್ರೆ ತಗೊಂಡು ಬಾ. ಇಲ್ಲದಿದ್ರೆ ಮುಂದಿನ ವರ್ಷ. ದೇವರಿಗೇನೂ ಅವಸರ ಇಲ್ಲ."

ನನಗೆ ಅವಸರವಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ. ನನ್ನ ನಂಬಿಕೆ ನಿಜವಾಗಿಯೂ ಇತ್ತು, ಅದಕ್ಕೊಂದು ಕಥೆ ಮಾತ್ರ ಇರಲಿಲ್ಲ ಎಂಬ ಸಂಕಟ ಇನ್ನೊಂದು ಕಡೆ. ಮನೆಗೆ ಬಂದು ಹೇಳಿದರೆ ಅತ್ತೆ ಗಂಭೀರವಾಗಿಯೇ ಯೋಚಿಸಿದಳು.

"ಇನ್ನೂ ಮೂರು ದಿನ ಇದೆ. ಎಲ್ಲಾದ್ರೂ ಒಂದ್ಸಲ ಮೆತ್ತಗೆ ಬಿದ್ದುಬಿಡಬಾರದಾ?"

"ಬೇಕಾದ್ರೆ ನಾನು ತಳ್ತೀನಿ," ಎಂದ ಅಣ್ಣ.

ಅಜ್ಜನ ಅಂಗಡಿಯಲ್ಲಿ ಈಗ ಕೀಲಿಕೈ ಮಾಡುವವರು ಅಣ್ಣ ಮತ್ತು ನಾನು. ಅಣ್ಣನಿಗೆ ಗಿರಾಕಿಗಳು ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದಾರೆ. ಗಿರಾಕಿ ಚಪ್ಪಲಿ ಸರಿಮಾಡಿಕೊಳ್ಳುವಷ್ಟರಲ್ಲಿ ಅವನ ಯಂತ್ರ ಕಿರ್ರೆಂದು ಕೂಗಿ ಹೊಸ ಕೀಲಿಕೈ ಉಗುಳಿರುತ್ತದೆ. ಯಂತ್ರದ ಮೇಲಿನ ಗೋಡೆಯಲ್ಲಿ ಅಜ್ಜ ಕೆಂಪು ಬಣ್ಣದಲ್ಲಿ ಬರೆದಿಟ್ಟ ಒಂದೇ ಸಾಲಿದೆ: ನಕಲಿನಿಂದ ನಕಲು ಮಾಡಬೇಡಿ. ಪ್ರತಿ ಸಲವೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಮೂರನೆಯದೋ ನಾಲ್ಕನೆಯದೋ ಕೈಗೆ ಬಂದಾಗ ಅದು ನೋಡಲಷ್ಟೇ ಕೀಲಿಕೈ. ಅಣ್ಣ ದಿನಾ ಆ ಸಾಲಿನ ಕೆಳಗೇ ನಿಲ್ಲುತ್ತಾನೆ. ಹಾಗಾಗಿ ಅದು ಅವನಿಗೆ ಕಾಣುವುದಿಲ್ಲ.

ಶನಿವಾರ ಬೆಳಿಗ್ಗೆ ಟೀಚರಮ್ಮ ಅಂಗಡಿಗೆ ಬಂದರು. ನನಗೆ ಚಿಕ್ಕಂದಿನಲ್ಲಿ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರು. ಈಗ ದೀಕ್ಷಾಸ್ನಾನದ ಬಿಳಿ ನಿಲುವಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ತಮ್ಮ ಮನೆಯ ಬೀರುವಿನಲ್ಲಿ ಇಟ್ಟುಕೊಳ್ಳುವ ಜವಾಬ್ದಾರಿ ಅವರದು. ಕೌಂಟರಿನ ಮೇಲೆ ಒಂದು ಕೀಲಿಕೈ ಕುಕ್ಕಿದರು.

"ಒಳಗೆ ಹೋಗುತ್ತೆ, ತಿರುಗಲ್ಲ. ನಿಮ್ಮ ಎಕ್ಸ್‌ಪ್ರೆಸ್ಸೇ ಮಾಡಿಕೊಟ್ಟಿದ್ದು."

ಅಸಲು ಎಂದೋ ಕಳೆದಿತ್ತು. ಅದರ ನಕಲು ಸವೆದಾಗ ಅಣ್ಣ ಅದನ್ನೇ ನೋಡಿ ಇನ್ನೊಂದು ಮಾಡಿದ್ದ. ಅದು ಬಾಗಿದಾಗ ಅದನ್ನೇ ನೋಡಿ ಮತ್ತೊಂದು.

"ಬೀಗ ಒಡೆದುಬಿಡೋಣ, ಎರಡು ನಿಮಿಷ," ಎಂದ ಅಣ್ಣ.

"ನನ್ನ ಅಮ್ಮನ ಬೀರು ಅದು. ಅದರ ಮೇಲೆ ಸುತ್ತಿಗೆ ಎತ್ತಿದ್ರೆ ಅದೇ ಸುತ್ತಿಗೆ ನಿನ್ನ ತಲೆ ಮೇಲೆ."

ಏಳು ಜನರ ನಿಲುವಂಗಿ ಒಳಗಿತ್ತು. ನಾನು ಸಾಕ್ಷಿಗೆ ನಿಂತರೂ ನಿಲ್ಲದಿದ್ದರೂ, ಮಿಕ್ಕ ಆರು ಜನ ನಾಳೆ ನೀರಿಗೆ ಇಳಿಯಬೇಕು. ನಾನು ಲೋಹ ಉಜ್ಜುವ ಅರಗಳ ಚೀಲ ಹೆಗಲಿಗೆ ಹಾಕಿಕೊಂಡು ಅವರ ಜೊತೆ ಹೊರಟೆ.

ಅಸಲೂ ಇಲ್ಲದೆ, ನಂಬುವಂಥ ನಕಲೂ ಇಲ್ಲದೆ ಕೀಲಿಕೈ ಮಾಡುವ ದಾರಿ ಒಂದೇ: ಬೀಗವನ್ನೇ ಕೇಳಬೇಕು. ಹಲ್ಲು ಕೊರೆಯದ ಹಿತ್ತಾಳೆ ಕೀಲಿಕೈಯನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿ, ಒಳಗೆ ಹಾಕಿ, ತುಸು ತಿರುಗಿಸಬೇಕು. ಎಲ್ಲಿ ತಗಲುತ್ತದೋ ಅಲ್ಲಿ ಮಸಿ ಹೋಗಿ ಒಂದು ಚುಕ್ಕೆ ಹೊಳೆಯುತ್ತದೆ. ಅಷ್ಟೇ ಜಾಗವನ್ನು ಅರದಿಂದ ಉಜ್ಜಬೇಕು. ಮತ್ತೆ ಹೊಗೆ, ಮತ್ತೆ ಬೀಗ, ಮತ್ತೆ ಅರ. ಸ್ವಲ್ಪ ಜೋರು ಮಾಡಿದರೆ ಕೀಲಿಕೈ ಒಳಗೇ ಮುರಿದು ಕೂರುತ್ತದೆ.

ಟೀಚರಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ಬಟಾಣಿ ಸುಲಿಯತೊಡಗಿದರು. ಒಂದು ಗಂಟೆ ಕಳೆಯಿತು. ಪಾತ್ರೆಗೆ ಬಟಾಣಿ ಬೀಳುವ ಸದ್ದು ಇದ್ದಕ್ಕಿದ್ದಂತೆ ನಿಂತಿತು.

"ಯಾರ ಜೊತೆ ಮಾತಾಡ್ತಿದ್ದೀಯ?"

ನನಗೆ ನಾನು ಮಾತಾಡುತ್ತಿದ್ದುದೇ ಗೊತ್ತಿರಲಿಲ್ಲ. "ಯಾರ ಜೊತೆನೂ ಇಲ್ಲ, ಟೀಚರ್... ದೇವರ ಜೊತೆ."

"ಏನಂತ?"

"ಮೂರನೇ ಹಲ್ಲು ಹಟ ಮಾಡ್ತಿದೆ, ನನಗೆ ಸಿಟ್ಟು ಬರ್ತಿದೆ, ಕೈ ಹಗುರ ಮಾಡು ಅಂತ."

"ಯಾವಾಗಲೂ ಹೀಗೇನಾ?"

"ಅರ ಹಿಡಿದಾಗೆಲ್ಲ."

ಅವರು ಒಂದು ಬಟಾಣಿಯನ್ನು ಬಾಯಿಗೆ ಹಾಕಿಕೊಂಡು, ನನ್ನನ್ನು ಚಿಕ್ಕಂದಿನಲ್ಲಿ ಬೈಬಲ್ ವಚನ ತಪ್ಪಿದಾಗ ನೋಡುತ್ತಿದ್ದ ಹಾಗೆ ನೋಡಿದರು. "ಪಾಸ್ಟರ್ ಹತ್ರ ಹೋಗಿ ಮೆಟ್ಟಿಲಿಂದ ಬಿದ್ದೆ ಅಂದೆಯಂತೆ?"

ನಾನು ಬೀಗದ ಕಡೆ ತಿರುಗಿದೆ. ಮೂರನೇ ಹಲ್ಲಿನ ಮೇಲೆ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ ಹೊಳೆಯುತ್ತಿತ್ತು. ಅರವನ್ನು ಎರಡೇ ಸಲ ಎಳೆದೆ. ಕೀಲಿಕೈ ಹಾಕಿ, ಕೈ ಸಡಿಲ ಬಿಟ್ಟು ತಿರುಗಿಸಿದೆ. ಬೀರು ಟಕ್ಕೆಂದಿತು. ಒಳಗೆ ಏಳು ಬಿಳಿ ನಿಲುವಂಗಿಗಳು ಸಾಲಾಗಿ ತೂಗುತ್ತಿದ್ದವು.

"ನಿಂದು ಉದ್ದ ಬರುತ್ತೆ," ಎಂದರು ಟೀಚರಮ್ಮ, ಬೇರೇನೂ ಆಗಿಲ್ಲವೆಂಬಂತೆ. "ಅಂಚು ಒಳಗೆ ಮಡಚಿ ಹೊಲೀತೀನಿ."

ಭಾನುವಾರ ನಾನು ನಾಲ್ಕನೆಯವಳಾಗಿ ಎದ್ದು ನಿಂತೆ. ಮುಂದಿನ ಬೆಂಚಿನಲ್ಲಿ ನಮ್ಮ ಮನೆಯವರೆಲ್ಲ ಸಾಲಾಗಿ ಕೂತಿದ್ದರು.

"ನಾನು ಎಲ್ಲಿಂದಲೂ ಬಿದ್ದಿಲ್ಲ," ಎಂದೆ.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಿಂದಿನ ಬೆಂಚಿನ ಹೆಂಗಸರು ಮುಂದಕ್ಕೆ ಬಾಗಿದರು.

"ಮೆಟ್ಟಿಲಿಂದ ಬಿದ್ದೆ ಅಂತ ಪಾಸ್ಟರಿಗೆ ಹೇಳಿದ್ದು ಸುಳ್ಳು. ಅಂಗಡಿಗೆ ಸೇರಿದ ವರ್ಷ ನಾನು ಹನ್ನೊಂದು ಕೀಲಿಕೈ ಬೀಗದೊಳಗೇ ಮುರಿದೆ. ಸಿಟ್ಟು. ಬೀಗ ನಾನು ಹೇಳಿದ ಹಾಗೆ ಕೇಳಬೇಕು ಅಂತ ಹಟ. ಹನ್ನೆರಡನೇದು ಹಿಡಿದಾಗ, ಕರ್ತನೇ, ಕೈ ಹಗುರ ಮಾಡು ಅಂದೆ. ಬೆಳಕೇನೂ ಬರಲಿಲ್ಲ. ದನಿಯೇನೂ ಕೇಳಿಸಲಿಲ್ಲ. ಕೀಲಿಕೈ ಮುರೀಲಿಲ್ಲ, ಅಷ್ಟೇ. ಮಾರನೇ ದಿನವೂ ಕೇಳಿದೆ. ನಾಲ್ಕು ವರ್ಷದಿಂದ ಕೇಳ್ತಾ ಇದ್ದೀನಿ. ಮೊದಲು ಕೈ ಹಗುರ ಆಯ್ತು, ಆಮೇಲೆ ಬಾಯಿ. ಈಗ ಅಣ್ಣನ ಮೇಲೂ ರೇಗಲ್ಲ."

"ಸುಳ್ಳು!" ಎಂದ ಅಣ್ಣ, ಬೆಂಚಿನಿಂದಲೇ.

ಇಡೀ ಸಭೆ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. "ಸ್ವಲ್ಪ ರೇಗ್ತೀನಿ. ಅದಕ್ಕೇ ಇನ್ನೂ ದಿನಾ ಕೇಳ್ತೀನಿ."

ಪಾಸ್ಟರ್ ಕನ್ನಡಕ ತೆಗೆದರು. "ಇದು ಯಾರದಮ್ಮ?"

"ನಂದೇ, ಪಾಸ್ಟರ್."

ಆಗ ಅಜ್ಜ ಊರುಗೋಲನ್ನು ನೆಲಕ್ಕೆ ಕುಟ್ಟಿದ. ಅವನಿಗೆ ಕಿವಿ ಮಂದ, ಹಾಗಾಗಿ ಅವನ ಪಿಸುಮಾತು ಕೊನೆಯ ಸಾಲಿಗೂ ಕೇಳುತ್ತದೆ. ಅಪ್ಪ, ಅತ್ತೆ, ಅಣ್ಣನ ಕಡೆ ತಿರುಗಿ ಅವನು ಪಿಸುಗುಟ್ಟಿದ.

"ನನ್ನ ಗುಂಡಿ ಒಬ್ಬನಿಗೇ ಇಕ್ಕಟ್ಟಾಗಿತ್ತು. ನೀವೆಲ್ಲ ಯಾಕೆ ಬಂದು ಬಿದ್ರಿ?"

ನಾನು ನೀರಿನ ತೊಟ್ಟಿಯ ಕಡೆ ನಡೆದೆ. ಮುಂಚೆ ಇಳಿದ ಮೂವರಿಂದ ಮೆಟ್ಟಿಲು ಒದ್ದೆಯಾಗಿ ನುಣ್ಣಗೆ ಹೊಳೆಯುತ್ತಿತ್ತು. ಅತ್ತೆ ಸೆರಗು ಸರಿಸಿ ಬಹಳ ಆಸೆಯಿಂದ ಕತ್ತು ಚಾಚಿದ್ದು ಕಂಡಿತು. ನಾನು ನಿಲುವಂಗಿಯ ಅಂಚು ಎತ್ತಿ ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು, ಎಲ್ಲೂ ಜಾರದೆ ಇಳಿದೆ. ನೀರು ಎದೆಯವರೆಗೆ ಬಂತು. ಪಾಸ್ಟರ್ ನನ್ನ ಬೆನ್ನಿಗೆ ಕೈ ಕೊಟ್ಟು ಮುಳುಗಿಸಿದರು. ನೀರಿನೊಳಗೆ ಸಭೆಯವರ ಹಾಡು ದೂರದ ಮನೆಯೊಂದರಿಂದ ಬಂದಂತೆ ಕೇಳಿತು. ಮೇಲೆದ್ದಾಗ ಅದು ಕಿವಿಯ ಪಕ್ಕದಲ್ಲೇ ಇತ್ತು.

ಪಕ್ಕದ ಕೋಣೆಯಲ್ಲಿ ಅಣ್ಣ ಟವೆಲ್ ಹಿಡಿದು ನಿಂತಿದ್ದ. ಅವನು ಅಷ್ಟು ಹೊತ್ತು ಒಂದೇ ಕಡೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಸೈಕಲ್ಲಿಂದ ಬಿದ್ದಿದ್ದು ನಿಜ ಕಣೇ," ಎಂದ ಮೆಲ್ಲಗೆ. "ಆದ್ರೆ ದೇವರು ಸಿಕ್ಕಿದ್ದು ಅಲ್ಲಿ ಅಲ್ಲ."

"ಮತ್ತೆಲ್ಲಿ?"

ಅವನು ಬಾಗಿಲಿನ ಕಡೆ ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ. "ನಿಧಾನವಾಗಿ ಹೇಳಬೇಕು ಅದನ್ನ," ಎಂದ. "ಮೊದಲು ತಲೆ ಒರೆಸ್ಕೋ."