ಚಂದ್ರಿಗೆ ಉಡಿ ತುಂಬಿದ್ದು

ದಿಲ್ಲಿ ದರಬಾರು ಆಯಿತಲ್ಲ, ಅದೇ ವರ್ಷದ ಬೇಸಿಗೆಯಲ್ಲಿ ಪುಣೆ ಕ್ಯಾಂಪಿಗೆ ತಾಯಿ ಬಂದಳು. ಡಾಕ್ಟರು ಅದಕ್ಕೆ ಸಿಡುಬು ಅನ್ನುತ್ತಾರೆ. ನಾವು ಹಾಗೆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತಾಯಿ ಬಂದ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ತಲೆ ಬಾಚುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಜೀವ ಉಳಿದರೆ ಬೇವಿನ ನೀರು ಹಾಕಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬಿ, ತಾಯಿಯನ್ನು ಕಳಿಸುವುದು. ಉಡಿ ತುಂಬಿಸಿಕೊಂಡವರು ಮೊದಲ ತುತ್ತನ್ನು ತಮ್ಮ ಮನೆಯಲ್ಲೇ ಉಣ್ಣಬೇಕು, ಬೇರೆ ಕಡೆ ಹೆಜ್ಜೆ ಇಡುವಂತಿಲ್ಲ. ಇದು ನಮ್ಮ ಹೆಂಗಸರ ಕಾಯಿದೆ. ಗಂಡಸರು ಇದರಲ್ಲಿ ಬಾಯಿ ಹಾಕುತ್ತಿರಲಿಲ್ಲ.

ಜೀವ ಉಳಿಯದ ಮನೆಗಳೂ ಇದ್ದವು. ನಮ್ಮ ಓಣಿಯ ತುದಿಯಲ್ಲಿ ಆಗಲೇ ಒಂದು ಮನೆಯವರು ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ನನ್ನ ಮಗಳು ಪಾರವ್ವ ಆಗ ಹಾಲು ಕುಡಿಯುವ ಕೂಸು.

ನಾವು ಲಿಂಗಾಯತ ಗವಳಿಗರು. ಹಿರಿಯರು ಯಾವ ಕಾಲಕ್ಕೋ ವಿಜಾಪುರದ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದು ಕ್ಯಾಂಪಿನ ಅಂಚಿಗೆ ನೆಲೆ ನಿಂತವರು. ಮನೆಯಲ್ಲಿ ಕನ್ನಡ, ಹಾಲು ಹಾಕುವ ಬಾಗಿಲಲ್ಲಿ ಮರಾಠಿ. ನನ್ನ ಅತ್ತಿ ಬಸವಣ್ಣೆವ್ವ ಗಟ್ಟಿ ಹೆಂಗಸು, ಮಾತು ಕಡಿಮೆ. ಮಾವ ರಾಮಲಿಂಗಪ್ಪನವರದು ಮಾತು ಹೆಚ್ಚು, ಅದಕ್ಕಿಂತ ಹೆಚ್ಚಿನದು ಅವರ ಕೆಂಪು ಪಟಗದ ಜಂಬ. ಆ ಪಟಗ ತಲೆಗೆ ಸುತ್ತಿಕೊಳ್ಳಲು ಹಿಡಿಯುವ ಹೊತ್ತಿನಲ್ಲಿ ನಾನು ಒಂದು ಎಮ್ಮೆ ಹಿಂಡಿ ಮುಗಿಸುತ್ತಿದ್ದೆ.

ವಾನವಡಿ ಕಡೆ ಸರಕಾರದ ಒಂದು ಛಪ್ಪರ ಇತ್ತು. ಅಲ್ಲಿ ಎಮ್ಮೆಕರುಗಳ ಮೈಮೇಲೆ ಲಸ, ಅಂದರೆ ಮಕ್ಕಳಿಗೆ ಹಾಕುವ ಲಸಿಕೆ, ಬೆಳೆಸುತ್ತಿದ್ದರು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಚರ್ಮ ಗೀರಿ, ಹಳೆಯ ಲಸ ಹಚ್ಚಿದರೆ ಕೆಲವು ದಿನಕ್ಕೆ ಗುಳ್ಳೆ ಏಳುತ್ತವೆ. ಆ ಗುಳ್ಳೆಯ ರಸವನ್ನು ಮಗುವಿನ ತೋಳಿಗೆ ಗೀರಿದರೆ ಅಲ್ಲಿ ಸಣ್ಣ ಗುಳ್ಳೆ ಎದ್ದು ಆರುತ್ತದೆ, ಆಮೇಲೆ ದೊಡ್ಡ ತಾಯಿ ಆ ಮಗುವಿನ ತಂಟೆಗೆ ಬರುವುದಿಲ್ಲ. ಛಪ್ಪರಕ್ಕೆ ಕರು ಒದಗಿಸುವ ಗುತ್ತಿಗೆ ದಿಗಂಬರ ಎಂಬವನದು. ಕೆಲಸ ಮುಗಿದ ಮೇಲೆ ಕರು ತಿರುಗಿ ತರುತ್ತೇನೆ ಅಂತ ಹೇಳಿಯೇ ಒಯ್ಯುತ್ತಿದ್ದ. ಆದರೆ ಹೊಟ್ಟೆ ಮೇಲೆ ಕಲೆ ಬಿದ್ದ ದನ ನಮ್ಮವರಿಗೂ ಬೇಡವಾಗಿತ್ತು. ತರುವವನು ತರಲಿಲ್ಲ, ಕೇಳುವವರು ಕೇಳಲಿಲ್ಲ. ಕರು ಅಲ್ಲಿಂದ ನೇರ ಕಸಾಯಿಖಾನೆಗೆ ಹೋಗುವುದು ಎಲ್ಲರಿಗೂ ಗೊತ್ತಿದ್ದ ಮಾತು, ಯಾರೂ ಆಡದ ಮಾತು.

ಹೋಗುತ್ತಿದ್ದದ್ದು ಹೆಚ್ಚಾಗಿ ಗಂಡುಕರು. ಆ ಬೇಸಿಗೆ ಬೇಡಿಕೆ ಹೆಚ್ಚಾಗಿ ಗಂಡುಕರು ಸಾಲದೆ ಹೋದವು. ಅತ್ತಿ ಎಡೂರಿಗೆ ಜಾತ್ರೆಗೆ ಹೋಗಿದ್ದಾಗ ದಿಗಂಬರ ಬಂದು ಮಾವನವರನ್ನು ಎರಡು ಮಾತು ಹೊಗಳಿದ. ಮಾವ ಚಂದ್ರಿಯ ಹಗ್ಗ ಬಿಚ್ಚಿ ಕೊಟ್ಟುಬಿಟ್ಟರು. ಚಂದ್ರಿ ಅಂದರೆ ತುಂಗಿಯ ಕರು, ಹಣೆ ಮೇಲೆ ಬಿಳಿ ಬೊಟ್ಟು ಇದ್ದದ್ದು. ತುಂಗಿ ಅತ್ತಿಯ ತವರಿನಿಂದ ಬಂದ ಎಮ್ಮೆ. ಅತ್ತಿ ಊರಿಂದ ಬಂದು ಖಾಲಿ ಗೂಟ ನೋಡಿದಳು, ಮಾವನವರ ಪಟಗ ನೋಡಿದಳು. ಆ ಹೊತ್ತಿನಿಂದ ಅವರಿಗೆ ಊಟಕ್ಕೆ ಬಡಿಸುವ ಕೆಲಸ ನನಗೆ ಬಂತು.

ಒಂದೆರಡು ದಿನಕ್ಕೆ ಓಣಿಗೆ ಒಂದು ಚಕ್ಕಡಿ ಬಂತು. ಜೊತೆಗೆ ಛಪ್ಪರದ ಮೋಹನದಾಸ ಡಾಕ್ಟರು. ಅವರು ಕಾರವಾರದ ಕಡೆಯವರು, ನೋಡಲು ಇನ್ನೂ ಎಳೆಯರು. ಅವರ ಕನ್ನಡ ಕೇಳಿದರೆ ಪುಸ್ತಕ ಓದಿದ ಹಾಗೆ, ನಮ್ಮ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಬಿಸಿಲಿಗೆ ನಳಿಗೆಯಲ್ಲಿ ತುಂಬಿಟ್ಟ ಲಸ ಕೆಡುತ್ತದೆಂದು, ಕರುವನ್ನೇ ಚಕ್ಕಡಿಯಲ್ಲಿ ಹಾಕಿಕೊಂಡು ಬಂದು ಅದರ ಹೊಟ್ಟೆಯಿಂದ ನೇರ ಮಕ್ಕಳ ತೋಳಿಗೆ ಹಾಕುತ್ತೇವೆ ಅಂದರು. ಯಾರೂ ಬಾಗಿಲು ತೆರೆಯಲಿಲ್ಲ. ಪ್ಲೇಗಿನ ಕಾಲಕ್ಕೆ ಗೋರಾ ಸಿಪಾಯಿಗಳು ಮನೆ ಹೊಕ್ಕು ಪಾತ್ರೆ ಪಡಗ ಬೀದಿಗೆ ಎಸೆದದ್ದನ್ನು ಕಂಡವರು ನಾವು. ಸರಕಾರದ ಸೂಜಿ ಅಂದರೆ ಒಳಗಿನಿಂದ ಅಗಳಿ ಹಾಕುವುದೇ.

ಆಗ ಕೊಟ್ಟಿಗೆಯಲ್ಲಿ ತುಂಗಿ ಒದರಿತು. ಚಕ್ಕಡಿಯಿಂದ ಸಣ್ಣ ದನಿಯೊಂದು ಉತ್ತರ ಕೊಟ್ಟಿತು. ಅತ್ತಿ ಅಗಳಿ ತೆಗೆದು ಹೊರಗೆ ಹೋದಳು, ಹಿಂದೆ ನಾನು.

ಚಂದ್ರಿಯನ್ನು ಹಲಗೆಗೆ ಒಂದು ಮಗ್ಗುಲಾಗಿ ಕಟ್ಟಿದ್ದರು. ನೆಕ್ಕಬಾರದೆಂದು ಕೊರಳಿಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಬೋಳಿಸಿದ ಹೊಟ್ಟೆ ತುಂಬ ಸಾಲು ಸಾಲಾಗಿ ಗುಳ್ಳೆ. ಅತ್ತಿ ಬಹಳ ಹೊತ್ತು ನೋಡಿ, ಚಪ್ಪಲಿ ಬಿಟ್ಟು, ಕೈ ಮುಗಿದಳು.

"ತಾಯಿ ಇಕಿ ಮೈಮ್ಯಾಲೆ ಬಂದಾಳ," ಅಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಇಕಿಗೆ ನೋವು ಆಗೂದಿಲ್ಲೇನು?" ಅಂದಳು.

ಮೋಹನದಾಸ ಡಾಕ್ಟರು ಇಲ್ಲ ಅಂತ ಹೇಳಬಹುದಾಗಿತ್ತು. ಅವರು ತಲೆ ತಗ್ಗಿಸಿ, "ಆಗುತ್ತದೆ ಅಮ್ಮಾ. ಉರಿ, ತುರಿಕೆ, ಜ್ವರ. ಸಾಯುವುದಿಲ್ಲ," ಅಂದರು.

ಆ ಒಂದು ಮಾತಿಗೆ ಅತ್ತಿ ಅವರನ್ನು ನಂಬಿದಳು ಅಂತ ನನಗೆ ಈಗಲೂ ಅನಿಸುತ್ತದೆ. ನನ್ನ ಕಂಕುಳಿನಿಂದ ಪಾರವ್ವನನ್ನು ತೆಗೆದುಕೊಂಡು, ತೋಳಿನ ಅಂಗಿ ಮೇಲೆ ಸರಿಸಿ, ಮುಂದೆ ಹಿಡಿದಳು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನ್ನ ಬಾಯಿಂದ ಹೂಂ ಬರುತ್ತಿರಲಿಲ್ಲ. ಕೂಸು ಕಿರುಚಿತು, ಕರುವೂ ಒದರಿತು. ಬಸವಣ್ಣೆವ್ವ ಕೂಸನ್ನು ಕೊಟ್ಟದ್ದನ್ನು ನೋಡಿ ಇನ್ನೂ ನಾಲ್ಕು ಬಾಗಿಲು ತೆರೆದವು. ಅಷ್ಟೇ.

ಪಾರವ್ವನ ತೋಳಿಗೆ ಗುಳ್ಳೆ ಎದ್ದಿತು, ಜ್ವರ ಬಂತು, ಬಿಟ್ಟಿತು. ಅಷ್ಟರಲ್ಲಿ ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಗೇ ತಾಯಿ ಬಂದು ಹೋದಳು. ಲಸ ಹಾಕಿಸಿದ ನಮ್ಮ ಕೂಸುಗಳು ಅದೇ ಅಂಗಳದಲ್ಲಿ ಅಂಬೆಗಾಲಿಟ್ಟು ಆಡುತ್ತಲೇ ಇದ್ದವು. ಇದನ್ನು ಓಣಿಯೆಲ್ಲ ಕಂಡಿತು.

ಪಾರವ್ವನಿಗೆ ನೀರು ಹಾಕಿ ಉಡಿ ತುಂಬುವ ದಿನ ಅತ್ತಿ ಡಾಕ್ಟರಿಗೂ ಹೇಳಿ ಕಳಿಸಿದಳು. ಅವರು ಬಂದು ಬೆಲ್ಲದ ಹೋಳು ಬಾಯಿಗೆ ಹಾಕಿಕೊಂಡು ಕೂತಾಗ, ಚಂದ್ರಿ ಎಂದಿಗೆ ಮನೆಗೆ ಬರುತ್ತಾಳೆ ಅಂತ ಕೇಳಿದಳು. ಡಾಕ್ಟರು ಬೆಲ್ಲ ಅಗಿಯುವುದನ್ನು ನಿಲ್ಲಿಸಿದರು. ಹುಣ್ಣು ಒಣಗಿದೆ, ನಾಳೆ ಬೆಳಿಗ್ಗೆ ದಿಗಂಬರ ಅಲ್ಲಿರುವ ಕರುಗಳನ್ನೆಲ್ಲ ಹೊಡೆದುಕೊಂಡು ಹೋಗುತ್ತಾನೆ ಅಂದರು. ಎಲ್ಲಿಗೆ ಅಂತ ಅವರು ಹೇಳಲಿಲ್ಲ, ಅತ್ತಿಯೂ ಕೇಳಲಿಲ್ಲ. ಒಳಗೆ ಹೋಗಿ ಟ್ರಂಕು ತೆರೆದು ತನ್ನ ಕುಪ್ಪಸದ ಖಣಗಳನ್ನು ತೆಗೆದಳು.

ಮರುದಿನ ಬೆಳಿಗ್ಗೆ ಹಾಲು ಹಾಕಿ ಬಂದದ್ದೇ ತಡ, ನಾವು ಹೆಂಗಸರು ವಾನವಡಿ ದಾರಿ ಹಿಡಿದೆವು. ತಲೆ ಮೇಲೆ ಬೇವಿನ ನೀರಿನ ಕೊಡ, ಕೈಯಲ್ಲಿ ಉಡಿಯ ತಟ್ಟೆ, ಕಂಕುಳಲ್ಲಿ ಕೂಸು. ಕೂಸನ್ನು ಹಿಡಿಯಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಎದುರು ಮನೆಯ ರಂಗೂಬಾಯಿ ಮರಾಠರವಳು, ಅವಳೂ ಬಂದಳು. ದಾರಿಯುದ್ದಕ್ಕೂ ಅವಳದು ಒಂದೇ ಪ್ರಶ್ನೆ: ಕರುವಿಗೆ ಸೆರಗಿಲ್ಲ, ಉಡಿ ಎಲ್ಲಿ ತುಂಬುವುದು? ಕೊರಳಿಗೆ ಕಟ್ಟಿದರೆ ಆಯಿತು ಅಂತ ಅತ್ತಿ ಅಂದಳು. ಅದು ಕೊಬ್ಬರಿ ತಿಂದುಬಿಟ್ಟರೆ? ತಿನ್ನಲಿ, ನೀನು ತಿನ್ನುವುದಿಲ್ಲವೇನು ಅಂದಳು.

ಛಪ್ಪರದ ಬಾಗಿಲಲ್ಲಿ ದಿಗಂಬರ ಹಗ್ಗ ಹಿಡಿದು ನಿಂತಿದ್ದ. ಇಷ್ಟು ಹೆಂಗಸರನ್ನು ಕಂಡು ದಾರಿ ಬಿಟ್ಟ. ಒಳಗೆ ಎರಡೂ ಕಡೆ ಕರುಗಳ ಸಾಲು. ಎಲ್ಲದರ ಹೊಟ್ಟೆಯೂ ಬೋಳು, ಎಲ್ಲದರ ಮೇಲೂ ಒಣಗಿದ ಹಕ್ಕಳೆ. ಚಂದ್ರಿ ಕೊನೆಯ ಗೂಟಕ್ಕೆ ಇದ್ದಳು. ಅತ್ತಿ ಅವಳ ಮೈಗೆ ಬೇವಿನ ನೀರು ಹಾಕಿ, ಅರಿಷಿಣ ಹಚ್ಚಿ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲನ್ನು ಖಣದಲ್ಲಿ ಗಂಟು ಹಾಕಿ ಕೊರಳಿಗೆ ಕಟ್ಟಿದಳು.

ಮೋಹನದಾಸ ಡಾಕ್ಟರು ಹತ್ತಿರ ಬಂದು ಮೆಲ್ಲಗೆ ಹೇಳಿದರು. ಛಪ್ಪರದ ದೊಡ್ಡ ಸಾಹೇಬರು ಬರುವ ಮುಂಚೆ ನಿಮ್ಮ ಕರುವನ್ನು ಹಿಂದಿನ ಬಾಗಿಲಿನಿಂದ ಒಯ್ಯಿರಿ, ದಿಗಂಬರನಿಗೆ ನಾನು ಸಮಾಧಾನ ಹೇಳುತ್ತೇನೆ ಅಂತ. ನಾನು ಆಗಲೇ ಚಂದ್ರಿಯ ಹಗ್ಗಕ್ಕೆ ಕೈ ಹಾಕಿದ್ದೆ. ನಾವು ಬಂದದ್ದು ಇದಕ್ಕೇ ಅಲ್ಲವೇ?

ಅತ್ತಿ ಆ ಸಾಲಿನ ಕಡೆ ನೋಡುತ್ತ ನಿಂತಿದ್ದಳು.

"ತಾಯಿ ಇಕಿ ಒಬ್ಬಾಕಿಗೇ ಬಂದಿಲ್ಲಲ್ರಿ ಡಾಕ್ಟರ," ಅಂದಳು. "ನೀವು ಇವನ್ನ ಕೇಳದಽ ತಗೊಂಡ್ರಿ, ನಾವು ಕೇಳದಽ ಕೊಟ್ವಿ. ಆತು, ಆಗಿದ್ದು ಆತು. ಕಳಸೂದರ ಸರಿಯಾಗಿ ಕಳಸೋಣು."

ಮುಂದಿನ ಕರುವಿನ ಹತ್ತಿರ ಹೋಗಿ ಕೂತಳು. ಅದಕ್ಕೆ ನೀರು, ಅರಿಷಿಣ, ಉಡಿ. ಆಮೇಲೆ ಅದರ ಮುಂದಿನದು. ಉಡಿ ತುಂಬಿದ ಮೇಲೆ ಮೊದಲ ತುತ್ತು ಮನೆಯಲ್ಲೇ ಅನ್ನುವ ಕಾಯಿದೆ ದಿಗಂಬರನಿಗೂ ಗೊತ್ತು, ಅವನ ಮನೆಯಲ್ಲೂ ಹೆಂಗಸರಿದ್ದರು. ಒಂದೊಂದು ಗಂಟು ಬಿದ್ದ ಹಾಗೆ ಅವನು ತನ್ನ ಹಗ್ಗವನ್ನು ಸುತ್ತಿಕೊಳ್ಳುತ್ತ ಹೋದ.

ನಮ್ಮಲ್ಲಿ ಒಬ್ಬಳು, ಕರು ಬಿಡದಿದ್ದರೆ ಇನ್ನು ಯಾರ ಮಗುವಿಗೂ ಲಸ ಹಾಕಿಸಬೇಡಿ ಅಂತ ಮನೆ ಮನೆಗೆ ಹೇಳೋಣ, ಹಾಲು ಹಾಕುವವರು ನಾವೇ ಅಲ್ಲವೇ ಅಂದಳು. ಅತ್ತಿ ಕೂತಲ್ಲಿಂದಲೇ ಅವಳ ಬಾಯಿ ಮುಚ್ಚಿಸಿದಳು. ಕೂಸುಗಳನ್ನು ಅಡವಿಟ್ಟು ಮಾತಾಡಬೇಡ ಅಂದಳು. ಅಷ್ಟೇ ಅಲ್ಲ, ಡಾಕ್ಟರನ್ನು ಕರೆದು, ಹೇಗೂ ಬಂದೇವಿ, ಹಾಕದೆ ಉಳಿದ ಕೂಸುಗಳಿಗೆ ಹಾಕಿಬಿಡಿ ಅಂದಳು. ಡಾಕ್ಟರು ಒಳಗೆ ಓಡಿ, ತಣ್ಣಗಿನ ಕೋಣೆಯಲ್ಲಿ ಜೋಪಾನ ಮಾಡಿದ್ದ ಹೊಸ ಲಸ ತಂದು, ಬಾಗಿಲ ಹತ್ತಿರವೇ ಮೇಜು ಹಾಕಿದರು.

ಖಣ ಮುಗಿದವು. ಉಳಿದದ್ದೆಲ್ಲ ಗಂಡುಕರು. ಗಂಡಿಗೆ ಖಣ ಸಲ್ಲುವುದಿಲ್ಲ, ತಲೆಗೆ ಸುತ್ತುವ ಬಟ್ಟೆ ಬೇಕು. ಅದೇ ಹೊತ್ತಿಗೆ ಮಾವ ಬಂದರು. ಸರಕಾರದ ಜಾಗದಲ್ಲಿ ಹೆಂಡತಿ ಗಲಾಟೆ ಮಾಡುತ್ತಿದ್ದಾಳೆ ಅಂತ ಯಾರೋ ಕಿವಿ ಊದಿದ್ದರು. ಬಾಗಿಲಿನಿಂದಲೇ ದನಿ ಏರಿಸಿ, ನಮ್ಮ ಮಾನ ಹೋಯಿತು, ಎದ್ದು ನಡಿ ಅಂದರು. ಅತ್ತಿ ತಲೆ ಎತ್ತಿದಳು. ಚಂದ್ರಿ ಹೋದಾಗಿನಿಂದ ಅವರಿಗೆ ಆಡಿದ ಮೊದಲ ಮಾತು ಅದು.

"ನಿಮ್ಮ ಪಟಗ ಕೊಡ್ರಿ."

ನಾಲ್ಕು ಜನರ ಎದುರು ಬರಿದಲೆಯಲ್ಲಿ ನಿಲ್ಲುವುದು ಆ ಕಾಲದ ಗಂಡಸಿಗೆ ಸಣ್ಣ ಮಾತಲ್ಲ. ಮಾವ ಅತ್ತಿಯನ್ನು ನೋಡಿದರು, ಕರುಗಳನ್ನು ನೋಡಿದರು. ಕೊನೆಯಲ್ಲಿ ಚಂದ್ರಿ ನಿಂತಿದ್ದಳು. ಅವರನ್ನು ಗುರುತು ಹಿಡಿದು ಮೂಗು ಮುಂದೆ ಚಾಚಿದಳು. ಆ ಕರುವಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಮಾವನವರ ಕೈ ತಲೆಗೆ ಹೋಯಿತು. ಸುತ್ತು ಸುತ್ತಾಗಿ ಬಿಚ್ಚಿದರು, ಬಹಳ ಉದ್ದದ ಪಟಗ ಅದು. ಹಲ್ಲಿನಿಂದ ಅಂಚು ಕಚ್ಚಿ ತಾವೇ ಹರಿದರು. ಒಂದೊಂದು ಪಟ್ಟಿಯನ್ನೂ ಒಂದೊಂದು ಗಂಡುಕರುವಿನ ಕೋಡಿನ ಮೊಳಕೆಗೆ ತಾವೇ ಸುತ್ತಿದರು.

"ಚಂದ ಕಾಣ್ತಾವ," ಅಂದಳು ಅತ್ತಿ. "ನಿಮಗಿಂತ ಚಂದ."

ನಕ್ಕದ್ದು ಮೊದಲು ಮಾವ. ಆಮೇಲೆ ಎಲ್ಲರೂ.

ಸಾಹೇಬ ಬಂದದ್ದು ಈ ನಗುವಿನ ನಡುವೆ. ನೆತ್ತಿ ಮೇಲೆ ಟೊಪ್ಪಿಗೆ, ಕೆಂಪು ಮುಖ, ಕೈಯಲ್ಲಿ ಬೆತ್ತ. ಬಾಗಿಲಲ್ಲಿ ಲಸಕ್ಕೆ ಕೂಸು ಎತ್ತಿಕೊಂಡು ಬಂದ ತಾಯಂದಿರ ಸಾಲು ಕಂಡು ನಿಂತ. ಎಷ್ಟು ಡಂಗುರ ಹೊಡೆಸಿದರೂ, ಎಷ್ಟು ದಂಡದ ಹೆದರಿಕೆ ಹಾಕಿದರೂ ಅವನಿಗೆ ಸಿಗದ ಸಾಲು ಅದು. ಒಳಗೆ ಇಣುಕಿದರೆ ಅರಿಷಿಣ ಹಚ್ಚಿದ ಕರುಗಳು, ಕೆಂಪು ಪಟಗದ ಕರುಗಳು, ಬರಿದಲೆಯ ಒಬ್ಬ ಮುದುಕ. ಮೋಹನದಾಸ ಡಾಕ್ಟರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದರು. ಸಾಹೇಬ ನಡುನಡುವೆ ಏನೋ ಕೇಳಿದ. ಕಡೆಗೆ ಅತ್ತಿಯ ಕಡೆ ನೋಡಿ, ಟೊಪ್ಪಿಗೆಯ ಅಂಚು ಮುಟ್ಟಿ ಎರಡು ಮಾತು ಆಡಿದ. ಡಾಕ್ಟರು ಅದನ್ನು ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿದರು:

"ಇನ್ನು ಮುಂದೆ ಯಾವ ಕರು ಯಾವ ಮನೆಯಿಂದ ಬಂದಿದೆಯೋ ಅದೇ ಮನೆಗೆ ಹೋಗತಕ್ಕದ್ದು. ಇದು ಸಾಹೇಬರ ಹುಕುಮು."

ಆ ದಿನ ಅವರ ಕನ್ನಡಕ್ಕೆ ಯಾರೂ ನಗಲಿಲ್ಲ. ದಿಗಂಬರ ಮಾತ್ರ ಗೊಣಗಿದ. ನಿನ್ನ ಗುತ್ತಿಗೆ ಎಲ್ಲೂ ಹೋಗುವುದಿಲ್ಲ, ಒಯ್ದವನು ನೀನು, ತಂದು ಕೊಡುವವನೂ ನೀನೇ ಅಂತ ಅತ್ತಿ ಅವನಿಗೆ ಹೇಳಿದಳು. ಅವತ್ತಿನಿಂದ ಅವನ ಚಕ್ಕಡಿ ಕರು ತಿರುಗಿ ತರುವಾಗ ನೊಗಕ್ಕೆ ಬೇವಿನ ಟೊಂಗೆ ಕಟ್ಟಿಕೊಂಡು ಬರುತ್ತಿತ್ತು.

ಈಗ ನನ್ನ ಮೊಮ್ಮಗಳು ದೊಡ್ಡ ಸಾಲೆಗೆ ಹೋಗುತ್ತಾಳೆ. ಮೊಲದ ಮೇಲೆ, ಮಂಗ್ಯಾನ ಮೇಲೆ ಔಷಧ ಹಾಕಿ ನೋಡುತ್ತಾರಂತೆ, ಅದು ಪಾಪವೇನು ಅಜ್ಜೀ ಅಂತ ಕೇಳಿದಳು. ನನಗೆ ಅಷ್ಟು ತಿಳಿಯುವುದಿಲ್ಲ. ಪಾರವ್ವ ಬದುಕಿದ್ದಕ್ಕೇ ನೀನು ಹುಟ್ಟಿದಿ, ಚಂದ್ರಿಗೆ ಉರಿ ಆಗಿದ್ದಕ್ಕೇ ಪಾರವ್ವ ಬದುಕಿದ್ದು, ಎರಡನ್ನೂ ಮರೆಯಬೇಡ ಅಂದೆ.

ತಾಯಿ ಬಂದ ಆ ವರ್ಷದ್ದೇ ದೀಪಾವಳಿ ಪಾಡ್ಯ. ಪ್ರತಿ ಪಾಡ್ಯಕ್ಕೂ ನಾವು ಗವಳಿಗರು ಎಮ್ಮೆಗಳ ಕೋಡಿಗೆ ಬಣ್ಣ ಬಳಿದು, ನವಿಲುಗರಿ ಸಿಗಿಸಿ, ಕವಡೆಯ ಸರ ಹಾಕಿ ಕ್ಯಾಂಪಿನ ಬೀದಿಯಲ್ಲಿ ಮೆರೆಸುತ್ತೇವೆ. ಕಲೆಯ ದನ ಮೆರವಣಿಗೆಗೆ ಸಲ್ಲದು ಅಂತ ಹಿರಿಯರು ತಕರಾರು ತೆಗೆದರು. ಅತ್ತಿ ಕಲೆ ಇದ್ದಲ್ಲೇ ಗಟ್ಟಿಯಾಗಿ ಅರಿಷಿಣ ಬಳಿದು, ದೂರದಿಂದಲೂ ಕಾಣುವ ಹಾಗೆ ಮಾಡಿ, ಚಂದ್ರಿಯನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದಳು. ಅವಳ ಹಿಂದೆ ಛಪ್ಪರದಿಂದ ಬಂದ ಕರುಗಳೆಲ್ಲ. ಅದರ ಹಿಂದೆ ತುಂಗಿ, ಉಳಿದ ಎಮ್ಮೆಗಳು.

ಹಲಗಿ ಬಡಿಯಿತು, ಮೆರವಣಿಗೆ ಹೊರಟಿತು. ಅಂಗಡಿಗಳ ಕಟ್ಟೆಯ ಮೇಲೆ ಜನವೋ ಜನ. ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬ ತಾಯಿ ಚಂದ್ರಿಯ ಹೊಟ್ಟೆ ನೋಡಿ, ತನ್ನ ಮಗುವಿನ ಅಂಗಿಯ ತೋಳು ಮೇಲೆ ಸರಿಸಿ ಎತ್ತಿ ಹಿಡಿದಳು. ಪಕ್ಕದವಳೂ ಎತ್ತಿದಳು. ಬೀದಿ ಸಾಗಿದ ಹಾಗೆ ಎರಡೂ ಕಡೆ ಪುಟ್ಟ ಪುಟ್ಟ ತೋಳುಗಳು, ಒಂದೊಂದರ ಮೇಲೂ ಒಂದೊಂದು ಲಸದ ಬೊಟ್ಟು. ನಾನೂ ಪಾರವ್ವನನ್ನು ತಲೆಗಿಂತ ಎತ್ತರಕ್ಕೆ ಎತ್ತಿದೆ.

ಮಾವ ಚಂದ್ರಿಯ ಹಗ್ಗ ಹಿಡಿದು ಬರಿದಲೆಯಲ್ಲೇ ನಡೆಯುತ್ತಿದ್ದರು. ಹೊಸ ಪಟಗ ಕೊಳ್ಳಲು ಅತ್ತಿ ಎಷ್ಟು ಹೇಳಿದರೂ ಮನಸ್ಸು ಮಾಡಿರಲಿಲ್ಲ. ತನ್ನ ಮನೆ ಮುಂದೆ ಬಂದಾಗ ರಂಗೂಬಾಯಿ ಕಟ್ಟೆ ಇಳಿದು, ಓಣಿಯ ಹೆಂಗಸರೆಲ್ಲ ಸೇರಿ ತಂದ ಹೊಸ ಕೆಂಪು ಪಟಗವನ್ನು ಅವರ ಕೈಗಿಟ್ಟಳು. ಮಾವ ಅದನ್ನು ಬಿಡಿಸಿದರು. ಅರ್ಧ ಹರಿದು ಚಂದ್ರಿಯ ಕೊರಳಿಗೆ ಕಟ್ಟಿ, ಉಳಿದರ್ಧವನ್ನು ತಾವು ಸುತ್ತಿಕೊಂಡರು. ಆ ಸಲ ಸುತ್ತಿಕೊಳ್ಳಲು ಹೊತ್ತೇ ಹಿಡಿಯಲಿಲ್ಲ.