ಓರೆ ತಲೆಕಟ್ಟು

ತುಕ್ರಪ್ಪ ಹೆಣದ ಕೈಗಳನ್ನು ಎದೆಯ ಮೇಲೆ ಸೇರಿಸಿ ಹೆಬ್ಬೆರಳುಗಳಿಗೆ ನೂಲು ಸುತ್ತಿದ. ಬಲಗೈಯ ತೋರುಬೆರಳು ಮಾತ್ರ ನೆಟ್ಟಗೆ ನಿಂತಿತ್ತು. ಒತ್ತಿದರೂ ಬಗ್ಗಲಿಲ್ಲ.

“ಬಿಡಿ ಮಾವ, ಅದು ಬದುಕಿದ್ದಾಗಲೂ ಮಡಚುತ್ತಿರಲಿಲ್ಲ,” ಎಂದಳು ಪದ್ಮಾಕ್ಷಿ. ಸತ್ತ ರುಕ್ಮಯ್ಯನಿಗೆ ಅವಳೊಬ್ಬಳೇ ಮಗಳು.

ಮೂಡುಬಿದಿರೆಯ ಆ ಸಣ್ಣ ಮನೆಯ ಅಂಗಳದಲ್ಲಿ ಒಂದು ಗಾಡಿ ಮಾವಿನ ಸೌದೆ ಬಂದು ಬಿದ್ದಿತ್ತು. ಕಳಿಸಿದವರು ಪ್ರೆಸ್ಸಿನ ಧನಿ ಶೀನಪ್ಪನವರು. ಸೌದೆಯ ಹಿಂದೆಯೇ ತಾವೂ ಬಂದು, ಹೆಣಕ್ಕೆ ಕೈಮುಗಿದು, ಜಗಲಿಯಲ್ಲಿ ಕುಳಿತರು. ನೆರೆದವರು ರುಕ್ಮಯ್ಯ ಪುಣ್ಯವಂತ ಎಂದರು. ಸ್ವಲ್ಪ ಹೊತ್ತಾದ ಮೇಲೆ ಶೀನಪ್ಪನವರು, ಅವನು ಬರೆಯುತ್ತಿದ್ದ ದಪ್ಪಕ್ಷರದ ಹಾಳೆಗಳು ಎಲ್ಲಿವೆ, ಅಚ್ಚುಮೊಳೆ ಎರಕ ಹೊಯ್ಯುವ ಫೌಂಡ್ರಿಯವರದು ಅವಸರ ಎಂದು ಮೆಲ್ಲಗೆ ಕೇಳಿದರು.

*

ರುಕ್ಮಯ್ಯ ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದವನು. ಐವತ್ತೆರಡನೇ ಇಸವಿಯಲ್ಲಿ, ಬಂಟ್ವಾಳದ ಯಾರದೋ ಮದುವೆಯ ಕಾಗದ ಮುಗಿಯಲೆಂದು ಯಂತ್ರ ನಿಲ್ಲಿಸಲು ಧನಿ ಬಿಡದ ದಿನ, ಬೆರಳು ಅದರ ಬಾಯಿಗೆ ಸಿಕ್ಕಿತು. ಗಾಯ ಮಾಯಿತು, ಬೆರಳು ಮತ್ತೆ ಮಡಚಲಿಲ್ಲ. ಮೊಳೆ ಹೆಕ್ಕಲಾಗದವನನ್ನು ತಲೆಬರಹ ಬರೆಯಲು ಕೂರಿಸಿದರು.

ಓರೆಯಾಗಿ ಕತ್ತರಿಸಿದ ಬಿದಿರಿನ ಲೇಖನಿಯನ್ನು ಅವನು ಹೆಬ್ಬೆರಳು ನಡುಬೆರಳುಗಳಲ್ಲೇ ಹಿಡಿಯಬೇಕಿತ್ತು. ತಡೆಯುವ ಬೆರಳಿಲ್ಲದೆ ಪ್ರತಿ ತಲೆಕಟ್ಟೂ ಕೊನೆಯಲ್ಲಿ ಮೇಲಕ್ಕೆ ಜಾರಿ ದಪ್ಪವಾಗುತ್ತಿತ್ತು. ಅವನಿಗೆ ಅದು ನಾಚಿಕೆ. ಬೊಂಬಾಯಿಯ ಫೌಂಡ್ರಿಯವನು ನೋಡಿ, ಹೊಸ ಚೆಲುವು ಎಂದ. ಆ ಜಾರುವಿಕೆ ಸಮೇತ ಅಕ್ಷರಗಳು ಸೀಸದಲ್ಲಿ ಎರಕವಾಗಿ ಬಂದವು. ಬೆಳ್ತಂಗಡಿಯವರೆಗೂ ಮದುವೆ, ಯಕ್ಷಗಾನದ ಆಟ, ಚುನಾವಣೆ ಎಲ್ಲ ಅವುಗಳಲ್ಲೇ ಅಚ್ಚಾದವು. ಶೀನಪ್ಪನವರು ಅವಕ್ಕೆ ತಮ್ಮ ಮಗಳು ಕುಸುಮಳ ಹೆಸರಿಟ್ಟರು. ಇನ್ನು ಇದರದೇ ದಪ್ಪಕ್ಷರ ಬರೆದುಕೊಡು, ಅದಕ್ಕೆ ನಿನ್ನ ಹೆಸರು ಎಂದರು. ರುಕ್ಮಯ್ಯ ಅದನ್ನು ನಂಬಿ ಕೊನೆಯವರೆಗೂ ಬರೆದ.

*

“ಹಾಳೆ ಉಂಟು,” ಎಂದಳು ಪದ್ಮಾಕ್ಷಿ. “ಅಪ್ಪನ ಹೆಸರು ಇಡ್ತೇನೆ ಅಂತ ಇವರೆಲ್ಲರ ಎದುರು ಹೇಳಿ. ಕೊಡ್ತೇನೆ.”

“ಹೆಸರು ಹೇಗೂ ಬೊಜ್ಜದ ಉತ್ತರಕ್ರಿಯೆಯ ಕಾಗದದಲ್ಲಿ ಬರ್ತದಲ್ಲ ಮಗಳೇ. ಧರ್ಮಕ್ಕೇ ಅಚ್ಚು ಹಾಕಿಸಿ ಕೊಡ್ತೇನೆ,” ಎಂದರು ಶೀನಪ್ಪನವರು.

ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು. ರುಕ್ಮಯ್ಯನ ಹೆಂಡತಿ ಸೇಸಮ್ಮ ಅಂಗಳದ ಸೌದೆಯನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ ಹಾಳೆಗಳ ಸುರುಳಿ ತಂದು ಧನಿಯ ಮುಂದಿಟ್ಟಳು. ಮಗಳ ಮುಖ ನೋಡಲಿಲ್ಲ.

ಶೀನಪ್ಪನವರು ಕಿಸೆಯಿಂದ ಚೀಟಿ, ಪೆನ್ಸಿಲು ತೆಗೆದು, ಬೊಜ್ಜದ ಕಾಗದಕ್ಕೆ ಬೇಕಾದದ್ದನ್ನು ಬರೆದುಕೊಡಲು ಹೇಳಿದರು. ಪದ್ಮಾಕ್ಷಿ ಅಪ್ಪನ ಹೆಸರನ್ನು ಒತ್ತಿ ಒತ್ತಿ ಬರೆದಳು.

ಅವರು ಚೀಟಿಯನ್ನು ಬೇಗ ಮಡಚಲಿಲ್ಲ. ಸುರುಳಿಯ ಅಂಚು ಬಿಡಿಸಿ ಪಕ್ಕದಲ್ಲಿ ಹಿಡಿದರು. ಅಪ್ಪನ ಬರಹದ ಮೇಲೆ ತಿದ್ದಿ ತಿದ್ದಿ ಕಲಿತವಳ ತಲೆಕಟ್ಟುಗಳೂ ಕೊನೆಯಲ್ಲಿ ಹಾಗೆಯೇ ಮೇಲಕ್ಕೆದ್ದಿದ್ದವು.

“ಬೊಜ್ಜ ಮುಗಿದ ಮೇಲೆ ಪ್ರೆಸ್ಸಿಗೆ ಬಾ,” ಎಂದರು. “ಕೂತು ಬರೆಯುವ ಕೆಲಸ. ನಿನ್ನ ಅಮ್ಮನಿಗೂ ಒಂದು ದಾರಿಯಾಗ್ತದೆ.”

ಒಳಗೆ ತುಕ್ರಪ್ಪ ಹೆಣ ಎತ್ತಲು ಜನ ಕರೆಯುತ್ತಿದ್ದ. ಪದ್ಮಾಕ್ಷಿ ಪೆನ್ಸಿಲನ್ನು ನೆಲಕ್ಕೆ ಹಾಕಿದಳು. ಬಲಗೈಯ ತೋರುಬೆರಳನ್ನು ನಿಧಾನವಾಗಿ ಮಡಚಿ, ಅದರ ಮೇಲೆ ಹೆಬ್ಬೆರಳನ್ನು ಬಿಗಿಯಾಗಿ ಒತ್ತಿ ಹಿಡಿದಳು.