ಲಾಯಕ್ ಚಾಚಾನ ನೂರ ನಲವತ್ತು ಮರ

ಗಂಡ ತೀರಿಕೊಂಡ ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹಿಮಾಚಲದ ಕೋಟಗಢದಿಂದ ಇಳಿದು ಹೋಗಿದ್ದರು. ಮಾರನೆಯ ಬೆಳಿಗ್ಗೆ ಒಲೆಯ ಬೂದಿ ತೆಗೆದು ಚಹಾಕ್ಕಿಟ್ಟೆ. ಡಿಸೆಂಬರಿನ ಚಳಿ. ಪಕ್ಕದ ತೋಟದ ಲಾಯಕ್ ರಾಮ್ ಚಾಚಾ ಮತ್ತು ಅವರ ಹೆಂಡತಿ ದೌಲತಿ ಚಾಚಿ ಬಂದರು.

“ಬಹೂ, ನಾಳೆ ಮರ ಕಡಿಯೋರು ಬರ್ತಾರೆ. ಸದ್ದಾಗುತ್ತೆ, ಹೇಳಿ ಹೋಗೋಣ ಅಂತ,” ಎಂದರು ಚಾಚಾ.

ನೂರ ನಲವತ್ತು ಸೇಬಿನ ಮರ. ನನ್ನ ಗಂಡ ಹಿತೇಂದರ್ ಹೇಳಿದ್ದಕ್ಕೇ ಕಡಿಸುತ್ತಿದ್ದರು. ಎಲೆ ತುಂಬಿದ ಮರದ ತಲೆಯಿಂದ ಬೆಳಕು ಹೇಗೆ ಮರಳುತ್ತದೆ ಎಂದು ಲೆಕ್ಕ ಕಟ್ಟಿ, ಉಪಗ್ರಹದ ಚಿತ್ರದಲ್ಲಿ ಕಾಯಿಲೆ ಗುರುತಿಸುವುದು ಅವನ ಕೆಲಸವಾಗಿತ್ತು. ಬೇರುಕೊಳೆ ಕಣ್ಣಿಗಿಂತ ಮೊದಲು ಚಿತ್ರಕ್ಕೆ ಸಿಗುತ್ತದೆ ಎನ್ನುತ್ತಿದ್ದ. ಜೂನ್ ತಿಂಗಳ ಚಿತ್ರದಲ್ಲಿ ಚಾಚಾನ ತೋಟ ಪೂರ್ತಿ ಮಂಕಾಗಿತ್ತು.

“ನನ್ನ ಮಾವ ನೆಟ್ಟಿದ್ದು,” ಎಂದರು ಚಾಚಿ. “ಹಣ್ಣೂ ಚೆನ್ನಾಗೇ ಬಂದಿತ್ತು.”

“ಓದಿದ ಹುಡುಗನಿಗಿಂತ ನೀನು ಹೆಚ್ಚಾ?” ಎಂದು ಚಾಚಾ ಗದರಿದರು.

“ಜೂನಲ್ಲಿ ಎಲೆ ಹಳದಿಯಾಗಿತ್ತಾ, ಚಾಚಿ?” ಎಂದೆ, ಏನಾದರೂ ಕೇಳಬೇಕೆಂದು.

“ಎಲೆ ಯಾರಿಗೆ ಕಾಣಿಸ್ತು? ಮೇಲೆಲ್ಲ ಬಿಳಿ ಬಲೆ ಇತ್ತಲ್ಲ.”

ಚಾಚಾ ಕೆಮ್ಮಿದರು.

ಆಲಿಕಲ್ಲಿಗೆ ಹೆದರಿ ಊರೆಲ್ಲ ಬಲೆ ಕಟ್ಟುತ್ತದೆ. ಊರದೇವರೇ ನನ್ನ ತೋಟ ಕಾಯುತ್ತಾನೆ, ನನಗ್ಯಾಕೆ ಬಲೆ ಎಂದು ಪ್ರತಿ ಮದುವೆಯಲ್ಲೂ ಹೇಳುವವರು ಚಾಚಾ ಒಬ್ಬರೇ. ಜೂನಿನಲ್ಲಿ ನಾವು ಸೋಲನ್ ಪಟ್ಟಣದಲ್ಲಿದ್ದೆವು, ತೋಟ ಕಂಡಿರಲಿಲ್ಲ. ಬಲೆ ಇದೆಯೇ ಎಂದು ಹಿತೇಂದರ್ ಫೋನಿನಲ್ಲೇ ಕೇಳಿ ಬರೆದುಕೊಂಡಿದ್ದ.

“ಅವನು ಕೇಳಿದಾಗ ಬಲೆ ಇಲ್ಲ ಅಂದ್ರಾ?”

“ಏನನ್ಲಿ, ಬಹೂ? ಇಪ್ಪತ್ತು ವರ್ಷ ಎದೆ ತಟ್ಕೊಂಡೋನು...”

“ಪೂಜಾರಿ ತೋಟದಲ್ಲೇ ಬಲೆ ಇದೆ,” ಎಂದರು ಚಾಚಿ. “ಇವರ ಮೀಸೆ ಮಾತ್ರ ಮಣ್ಣಾಗುತ್ತಂತೆ!”

ಹಿತೇಂದರ್‌ನ ಕಂಪ್ಯೂಟರ್ ತೆರೆದೆ. ‘ಬಲೆ ಇಲ್ಲ’ ಎಂದಿದ್ದ ಕಡೆ ‘ಬಿಳಿ ಬಲೆ’ ಎಂದು ತಿದ್ದಿದೆ. ಎಲೆಯನ್ನು ಮಂಕಾಗಿ ತೋರಿಸಿದ್ದ ಬಲೆಯ ಬೆಳಕನ್ನು ಕಳೆದು ಲೆಕ್ಕ ಮತ್ತೆ ನಡೆಯಿತು. ಇಬ್ಬರೂ ಚಹಾ ಮುಟ್ಟದೆ ಪರದೆಯನ್ನೇ ನೋಡುತ್ತ ಕೂತರು. ಅರ್ಧ ಗಂಟೆಯ ಮೇಲೆ ತೋಟದ ಚೌಕಗಳು ಹಸಿರಾಗಿ ಬಂದವು. ಕೆಳಮೂಲೆಯ ಒಂದು ಮಾತ್ರ ಆಗಲಿಲ್ಲ.

ಹಿತೇಂದರ್‌ನ ಲೆಕ್ಕ ಸರಿಯಾಗಿಯೇ ಇತ್ತು, ತಪ್ಪಿದ್ದು ಬಲೆಯ ಮಾತೊಂದೇ. ತುಂಬ ದಿನಗಳ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯಿತು.

“ಮರ ಚೆನ್ನಾಗಿವೆ, ಚಾಚಾ. ಆ ಮೂಲೇಲಿ ಮಾತ್ರ ಬೇರು ಬಗೆದು ನೋಡಿ.”

ಚಾಚಾ ಎರಡು ಸಲ ಹೇಳಿಸಿಕೊಂಡರು. ಕಡಿಯುವವರಿಗೆ ಫೋನ್ ಮಾಡಿ ಬರಬೇಡಿ ಎಂದರು. ಯಾಕೆಂದು ಹೇಳಲಿಲ್ಲ.

“ಇನ್ನು ಕೊಂಬೆ ಸವರ್ಬೇಕು,” ಎಂದು ಎದ್ದವರು ಬಾಗಿಲಲ್ಲಿ ತಡೆದರು. “ನನ್ನ ಕತ್ತರಿ... ಹುಡುಗ ಎಲೆ ಪರೀಕ್ಷೆಗೆ ಅಂತ ಒಯ್ದಿದ್ದ. ಈಗ ಕೇಳ್ಬಾರದು.”

ಕತ್ತರಿ ಅವನ ಚೀಲದಲ್ಲಿತ್ತು. ಅಲಗಿಗೆ ಒಣಗಿದ ತೊಗಟೆ ಅಂಟಿತ್ತು. ಒರೆಸಿ, ಅಲಗು ಮುಚ್ಚಿ, ಅವರ ಕೈಗಿಟ್ಟೆ.